ಬಿದಿರುಗಡ್ಡೆಯ ಕಡವು ಕಾದ ಚಿಕ್ಕಸಿದ್ದಮ್ಮ

ಚಿಕ್ಕಸಿದ್ದಮ್ಮ ಕೆಟ್ಟ ಕುತೂಹಲದ ಹೆಂಗಸು. ಊರಿನವರು ಇದನ್ನು ಮೆತ್ತಗೆ ಮಾಡಿ, "ಬಾಯಿ ವಸಿ ಜಾಸ್ತಿ, ಮನ್ಸು ಒಳ್ಳೇದು" ಎನ್ನುತ್ತಿದ್ದರು. ಹಾಗೆನ್ನುವವರ ಮನೆಯ ಗುಟ್ಟು ಅವಳ ಕೈಗೆ ಇನ್ನೂ ಸಿಕ್ಕಿರಲಿಲ್ಲ, ಅಷ್ಟೆ. ಪರರ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ತಿಳಿಯದೆ ಅವಳು ತನ್ನ ಒಲೆ ಹಚ್ಚಿದವಳಲ್ಲ. ಸತ್ತವರ ಮನೆಗೆ ಹೋದರೆ ಅತ್ತು ಮುಗಿಸುವ ಮೊದಲೇ, ಹೋದವರು ಕೊನೆಗೆ ಉಂಡದ್ದು ಮುದ್ದೆಯೋ ಅನ್ನವೋ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದಳು.

ಚುಂಚನಕಟ್ಟೆಯಿಂದ ಕೆಳಕ್ಕೆ, ಕಾವೇರಿ ಎರಡಾಗಿ ಸೀಳಿ ಮತ್ತೆ ಕೂಡುವ ಜಾಗದಲ್ಲಿ ಹೊಸಕಡವು ಎಂಬ ಹಳ್ಳಿ. ಎದುರಿಗೆ, ಹೊಳೆಯ ನಡುವೆ, ಬಿದಿರುಗಡ್ಡೆ. ಗಡ್ಡೆಯ ಮೇಲೆ ಹನ್ನೆರಡು ಮನೆ, ಬಾಳೆ, ತರಕಾರಿ ಹೊಲ, ಬಿದಿರ ಮೆಳೆಯ ಕೆಳಗೆ ಗಡ್ಡೆಯಮ್ಮನ ಕಲ್ಲು. ಭಾನುವಾರ ಬಂತೆಂದರೆ ಮೈಸೂರಿನಿಂದ, ಹುಣಸೂರಿನಿಂದ ಜನ ಬಂದು ತೆಪ್ಪ ಹತ್ತಿ ಗಡ್ಡೆಗೆ ಹೋಗುತ್ತಿದ್ದರು; ನೀರಿಗಿಳಿದು, ಮೀನು ಉಂಡು, ಸಂಜೆಗೆ ಮರಳುತ್ತಿದ್ದರು. ಗಡ್ಡೆಯವರ ಬದುಕು ಅರ್ಧ ಹೊಲದಿಂದ, ಅರ್ಧ ಈ ಜನರಿಂದ ನಡೆಯುತ್ತಿತ್ತು. ತೆಪ್ಪ ಹತ್ತುವ ಕಡವಿನಲ್ಲಿ, ಹೊಂಗೆಮರದ ಕೆಳಗೆ, ಚಿಕ್ಕಸಿದ್ದಮ್ಮನ ಟೀ ಅಂಗಡಿ. ಇಂಥ ಹೆಂಗಸಿಗೆ ದೇವರು ಇಂಥ ಜಾಗವನ್ನೇ ಕೊಟ್ಟದ್ದು ಊರಿನ ಕರ್ಮ.

ಅವಳ ಕುತೂಹಲ ನಿರುಪದ್ರವಿಯಾಗಿತ್ತೆಂದು ಹೇಳುವಂತಿಲ್ಲ. ಒಮ್ಮೆ ಕೆ.ಆರ್. ನಗರದ ಬಸ್ಸಿನಲ್ಲಿ ಊರಿನ ಮಾಯಮ್ಮ ಅವಳ ಮುಂದಿನ ಸೀಟಿನಲ್ಲಿ ಕೂತಿದ್ದಳು. ಮದುವೆಯಾಗಿ ಬಹಳ ವರ್ಷ ಕಳೆದರೂ ಮಾಯಮ್ಮನಿಗೆ ಮಕ್ಕಳಿರಲಿಲ್ಲ. ಚಿಕ್ಕಸಿದ್ದಮ್ಮ ಅವಳ ಭುಜ ತಟ್ಟಿ, ಬಸ್ಸಿಗೆಲ್ಲ ಕೇಳುವ ಹಾಗೆ, "ಅಲ್ಲಾ ಕಣವ್ವಾ, ಮೈಸೂರ್ ಡಾಕ್ಟ್ರು ಏನಂದ್ರು? ದೋಸ ನಿಂದಂತಾ, ನಿನ್ ಗಂಡಂದಂತಾ?" ಎಂದು ಕೇಳಿದಳು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. ಮಾಯಮ್ಮ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು. ಅಂದಿನಿಂದ ಅವಳು ಹೊಸಕಡವಿನಲ್ಲಿ ಬಸ್ಸು ಹತ್ತಲಿಲ್ಲ. ಪಕ್ಕದ ಊರಿಗೆ ನಡೆದುಹೋಗಿ ಅಲ್ಲಿ ಹತ್ತುತ್ತಿದ್ದಳು. ಚಿಕ್ಕಸಿದ್ದಮ್ಮನಿಗೆ ಇದರಿಂದ ಪಶ್ಚಾತ್ತಾಪವೇನೂ ಆಗಲಿಲ್ಲ. ಮಾಯಮ್ಮ ಅಲ್ಲೇ ಯಾಕೆ ಇಳಿದಳು, ಅಲ್ಲಿ ಯಾರ ಮನೆ ಇದೆ ಎಂಬ ಹೊಸ ಕುತೂಹಲ ಹುಟ್ಟಿತು.

ಕೊರೋನಾ ಬಂದ ವರ್ಷ ಅವಳ ಮಗಳು ಸೌಂದರ್ಯ ಗಡ್ಡೆಯಲ್ಲಿದ್ದಳು. ಹಿಂದಿನ ವರ್ಷವಷ್ಟೇ ಮದುವೆ. ಅಳಿಯ ಕೃಷ್ಣ ತೆಪ್ಪ ನಡೆಸುವವನು. ಮಾರ್ಚಿನಲ್ಲಿ ಎಲ್ಲ ಬಂದಾದಾಗ ಗಡ್ಡೆಯವರು ಯಾವ ಸರ್ಕಾರದ ಆದೇಶಕ್ಕೂ ಕಾಯಲಿಲ್ಲ. ತೆಪ್ಪಗಳನ್ನೆಲ್ಲ ತಮ್ಮ ದಡಕ್ಕೆ ಎಳೆದುಕೊಂಡು ಬೋರಲು ಹಾಕಿದರು. ಊರಿಗೆ ಬಂದ ಮಾರಿಯನ್ನು ಮೊರದಲ್ಲಿಟ್ಟು ಗಡಿಯಾಚೆ ಬಿಟ್ಟುಬರುವುದು, ಆಚೆ ಊರಿನವರು ಅದನ್ನೆತ್ತಿ ತಮ್ಮ ಗಡಿ ದಾಟಿಸುವುದು ಈ ಸೀಮೆಯ ಹಳೆಯ ಕ್ರಮ. ಗಡ್ಡೆಯವರ ಗಡಿ ಹೊಳೆ. ಮೊರ ಹೊಳೆ ದಾಟದಿದ್ದರೆ ಸಾಕು ಎಂಬುದು ಅವರ ತರ್ಕ. ಅಕ್ಕಿ, ಎಣ್ಣೆ, ಮಾತ್ರೆಗಳನ್ನು ಈ ಕಡೆಯವರು ಹೊಳೆಯ ನಡುವಿನ ಹಾಸುಬಂಡೆಯ ಮೇಲಿಟ್ಟು ಹಿಂದೆ ಸರಿದ ಮೇಲೆ, ಆ ಕಡೆಯವರು ಬಂದು ಎತ್ತಿಕೊಂಡು ಹೋಗುತ್ತಿದ್ದರು. ಆ ವರ್ಷ ಗಡ್ಡೆಗೆ ರೋಗ ಹೋಗಲಿಲ್ಲ. ಗಿರಾಕಿಯೂ ಹೋಗಲಿಲ್ಲ.

ಸೌಂದರ್ಯ ಬಸುರಿ ಎಂಬ ಸುದ್ದಿ ಹೊಳೆ ದಾಟಿ ಬಂದದ್ದು ಕೂಗಿನ ಮೂಲಕ. ಫೋನಿತ್ತು, ಆದರೆ ಗಡ್ಡೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಬಂಡೆ ಹತ್ತಬೇಕು, ಬಸುರಿ ಹತ್ತುವ ಹಾಗಿಲ್ಲ. ಹಾಗಾಗಿ ಬೇಸಿಗೆಯುದ್ದಕ್ಕೂ ತಾಯಿ ಈ ದಡದಿಂದ, ಮಗಳು ಆ ದಡದಿಂದ.

"ವಾಂತಿ ನಿಂತಾ?"

"ನಿಂತದೆ ಕಣವ್ವಾ, ಮೆಲ್ಲುಕ್ ಕೇಳು!"

"ನಿಮ್ಮತ್ತೆ ಏನ್ ಸಾರ್ ಮಾಡವ್ಳೆ?"

ಅತ್ತೆ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿರುತ್ತಿದ್ದಳು. ಎರಡೂ ದಡದವರಿಗೆ ಇದೊಂದು ಮನರಂಜನೆಯಾಗಿತ್ತು. ಆಷಾಢದಲ್ಲಿ ಹೊಳೆ ತುಂಬಿ ಮೊರೆದಾಗ ಕೂಗು ಮುಳುಗಿಹೋಯಿತು. ಮಗಳ ಸೀರೆಯ ಬಣ್ಣವೊಂದು ಬಿಟ್ಟು ಮತ್ತೇನೂ ತಿಳಿಯದೆ ಚಿಕ್ಕಸಿದ್ದಮ್ಮ ಎರಡು ತಿಂಗಳು ಕಳೆದಳು. ಅವಳು ಸೊರಗಿದ್ದನ್ನು ಊರಿನವರು ಗಮನಿಸಿದರು.

ನೀರು ಇಳಿದ ಮೇಲೆ ಗಡ್ಡೆಯ ಮನೆಗಳಲ್ಲಿ ಬೇರೆ ಚಿಂತೆ ಶುರುವಾಯಿತು. ಬಾಳೆಗೆ ಬೆಲೆಯಿಲ್ಲ, ಗಿರಾಕಿಯಿಲ್ಲ. ಇನ್ನೊಂದು ಹಂಗಾಮು ಹೀಗೇ ಹೋದರೆ ಬದುಕುವುದು ಹೇಗೆ? ತಾಲ್ಲೂಕು ಕಚೇರಿ ಒಪ್ಪಿಗೆ ಕೊಟ್ಟಿತು, ಷರತ್ತಿನ ಮೇಲೆ. ಒಂದು ಸಲಕ್ಕೆ ಇಷ್ಟೇ ಜನ, ಎಲ್ಲರಿಗೂ ಮಾಸ್ಕ್, ಕಡವಿನಲ್ಲೇ ಜ್ವರದ ತಪಾಸಣೆ, ರಾತ್ರಿ ಯಾರೂ ಉಳಿಯುವಂತಿಲ್ಲ. ಗಡ್ಡೆಯಲ್ಲಿ ಒಬ್ಬರಿಗೆ ರೋಗ ಕಂಡರೂ ಮತ್ತೆ ಬಂದ್.

ಕಡವಿನಲ್ಲಿ ಕೂತು ಬಂದವರನ್ನು ವಿಚಾರಿಸುವವರು ಯಾರು ಎಂಬ ಪ್ರಶ್ನೆ ಹೊಂಗೆಮರದ ಕೆಳಗೇ ಎದ್ದಿತು. ಪಂಚಾಯ್ತಿ ಮೆಂಬರ್ ಮಹದೇವಯ್ಯ ಟೀ ಲೋಟ ಕೆಳಗಿಟ್ಟ.

"ಇದುಕ್ಕೂ ಮೀಟಿಂಗ್ ಬೇಕೇನ್ರಪ್ಪಾ? ಪೊಲೀಸ್ನೋರು ಬಾಯಿ ಬುಡುಸ್ದೇ ಇರೋದ್ನ ಬುಡುಸ್ತಾಳೆ ಇವ್ಳು. ಕೂರ್ಸಿ ಇವ್ಳನ್ನೇ."

ಎಲ್ಲರೂ ನಕ್ಕರು. ಚಿಕ್ಕಸಿದ್ದಮ್ಮ ನಗಲಿಲ್ಲ. "ನನ್ ಮಗ್ಳು ಅಲ್ಲವ್ಳೆ. ನಾನ್ ಕೂರ್ದೆ ಇನ್ಯಾರ್ ಕೂರ್ತೀರ್ಲಾ?" ಎಂದಳು. ಆಶಾ ಕಾರ್ಯಕರ್ತೆ ಶೋಭಾ, ಜ್ವರ ನೋಡುವ ಗನ್ನನ್ನು ಅವಳ ಕೈಗಿಟ್ಟು, ಹಣೆಯ ಹತ್ತಿರ ಹಿಡಿದು ಗುಂಡಿ ಒತ್ತುವುದನ್ನು ಕಲಿಸಿದಳು. ಊರಿನವರ ಹಣೆಗಳ ಮೇಲೆ ಅಭ್ಯಾಸ ಮಾಡಿ ಚಿಕ್ಕಸಿದ್ದಮ್ಮ ಕೈ ಪಳಗಿಸಿಕೊಂಡಳು. ಎಮ್ಮೆಯನ್ನೂ ಬಿಡಲಿಲ್ಲ.

ಮೊದಲ ಭಾನುವಾರ ಕಾರುಗಳು ಬಂದವು. ಹುಣಸೂರಿನ ಒಂದು ಸಂಸಾರ ಮೆಟ್ಟಿಲಿಳಿದು ಬಂತು. ಚಿಕ್ಕಸಿದ್ದಮ್ಮ ಗನ್ನು ಹಿಡಿದು ಎದ್ದು ನಿಂತಳು.

"ಯಾವೂರವ್ವಾ?"

"ಹುಣಸೂರು."

"ಉಟ್ಟೂರೇ ಉಣಸೂರಾ?"

"ಇಲ್ಲಮ್ಮ, ನಮ್ಮ ತಾಯಿ ಕಡೆ ಬೆಟ್ಟದಪುರ."

ಬೆಟ್ಟದಪುರ ಚಿಕ್ಕಸಿದ್ದಮ್ಮನ ತವರು. ಗನ್ನು ಕೆಳಗಿಳಿಯಿತು. "ಬೆಟ್ಟದಪುರ್ದಲ್ಲಿ ಯಾರ್ ಪೈಕಿ? ಮಾಸ್ಕ್ ಕೆಳುಗ್ ಎಳಿ, ಮಕ ನೋಡವ." ಆಕೆ ಎಳೆದಳು. ಚಿಕ್ಕಸಿದ್ದಮ್ಮ ಎರಡು ಹೆಜ್ಜೆ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ, ತೊಡೆ ತಟ್ಟಿದಳು. "ಮೇಗ್ಲುಬೀದಿ ದೊಡ್ಡತಾಯಮ್ಮನ್ ಮೊಮ್ಮಗ್ಳು ನೀನು! ಅದೇ ಗದ್ದ! ಅಯ್ಯೋ, ನಿಮ್ಮವ್ವ ನನ್ನ ಚಿಕ್ಕಪ್ಪನ ಷಡ್ಡಕನ್ ಮಗ್ಳು ಕಣವ್ವಾ! ಓಗಿ ಓಗಿ, ತೆಪ್ಪ ಹತ್ತಿ. ಗಡ್ಡೇಲಿ ನನ್ ಮಗ್ಳು ಮನೆ ಅದೆ, ಅಲ್ಲೇ ಉಣ್ಣಿ."

ಮಧ್ಯಾಹ್ನ ಶೋಭಾ ಬರುವ ಹೊತ್ತಿಗೆ ನಾಲ್ಕು ತೆಪ್ಪದ ಜನ ದಾಟಿಯಾಗಿತ್ತು. ಗನ್ನಿಟ್ಟು ನೋಡಿದ್ದು ಒಬ್ಬನೇ ಒಬ್ಬನನ್ನು, ವಯನಾಡಿನ ಕಡೆಯಿಂದ ಒಂಟಿಯಾಗಿ ಬೈಕಿನಲ್ಲಿ ಬಂದಿದ್ದ ಮಲಯಾಳಿ ಹುಡುಗನನ್ನು. ಅವನನ್ನು ಮೂರು ಸಲ ನೋಡಿ, ಇನ್ನೂ ಬಿಡದೆ ಮರದ ಕೆಳಗೆ ಕೂರಿಸಲಾಗಿತ್ತು.

"ಉಳಿದವ್ರನ್ನ?" ಶೋಭಾ ಕೇಳಿದಳು.

"ಅವ್ರೆಲ್ಲಾ ನೆಂಟ್ರು ಕಣವ್ವಾ."

"ಎಲ್ಲಾರೂ?"

"ಕೇಳ್ತಾ ಓದ್ರೆ ಯಾರ್ ನೆಂಟ್ರಲ್ಲ ಏಳು? ನೆಂಟ್ರು ಅಣೆಗೆ ಗನ್ ಇಡಕ್ಕಾಯ್ತದಾ? ನಾಳೀಕೆ ಮಕ ಎಂಗ್ ತೋರ್ಸನ?"

ಶೋಭಾ ಬೈಯಲಿಲ್ಲ. ಬೈದು ಉಪಯೋಗವಿಲ್ಲ ಎಂದು ತಿಳಿಯುವಷ್ಟು ಹಳ್ಳಿ ತಿರುಗಿದವಳು. "ಅಮ್ಮಾ, ಈ ಬೈಕಿನ ಹುಡುಗ ಗಡ್ಡೇಲಿ ಎಲ್ಲಿ ಕೂತು ಉಣ್ತಾನೆ?"

"ಆಚೆ. ಮರುದ್ ಕೆಳುಗೆ."

"ನಿಮ್ಮ ನೆಂಟ್ರು?"

ಚಿಕ್ಕಸಿದ್ದಮ್ಮ ಗಡ್ಡೆಯ ಕಡೆ ತಿರುಗಿದಳು. ಆ ಕಡೆ ದಡದಲ್ಲಿ, ದೊಡ್ಡತಾಯಮ್ಮನ ಮೊಮ್ಮಗಳ ಸಂಸಾರ ಸೌಂದರ್ಯಳ ಮನೆಯ ಜಗಲಿ ಹತ್ತುವುದು ಇಲ್ಲಿಗೇ ಕಾಣುತ್ತಿತ್ತು. ಒಬ್ಬಾಕೆ ಬಸುರಿಯ ಕೆನ್ನೆ ಸವರಿ ನೆಟಿಗೆ ಮುರಿಯುತ್ತಿದ್ದಳು.

ಆ ದಿನ ಚಿಕ್ಕಸಿದ್ದಮ್ಮ ದಡದಲ್ಲಿ ನಿಂತು ಕೂಗಿದ್ದು ಮೊದಲ ಬಾರಿಗೆ ಪ್ರಶ್ನೆಯಾಗಿರಲಿಲ್ಲ. "ಒಳುಕ್ ಕರೀಬ್ಯಾಡ ಕಣೇ! ಆಚೆ ಕೂರ್ಸು! ಎಲ್ಲಾರ್ನೂ ಆಚೆ ಕೂರ್ಸು!" ನೆಂಟರು ಮುಖ ಊದಿಸಿಕೊಂಡು ಹೋದರು. ಅದೃಷ್ಟ, ಅವರಲ್ಲಿ ಯಾರಿಗೂ ರೋಗವಿರಲಿಲ್ಲ.

ಅಂದಿನಿಂದ ಅವಳ ನಿಯಮ ತಲೆಕೆಳಗಾಯಿತು. ಮೊದಲು ಸಂಬಂಧ ವಿಚಾರಿಸುವಳು. ಎಷ್ಟು ಹತ್ತಿರದ ಸಂಬಂಧವೋ ಅಷ್ಟು ಕಟ್ಟುನಿಟ್ಟು. ದೂರದವರಿಗೆ ಒಂದು ಸಲ ಗನ್ನು, ಹತ್ತಿರದವರಿಗೆ ಎರಡು ಸಲ. ಮಾಸ್ಕ್ ಮಾತ್ರ ಆಗಾಗ ಎಳೆಸಿ ಮುಖ ನೋಡುತ್ತಿದ್ದಳು, ಎರಡು ಮಾರು ದೂರದಿಂದ. ಶೋಭಾ ಎಷ್ಟು ಹೇಳಿದರೂ ಅದೊಂದು ಚಟ ಬಿಡಲಿಲ್ಲ.

ಅವಳು ಕೇಳುವ ರೀತಿ ಶೋಭಾಳ ರೀತಿಯಲ್ಲ. "ಜ್ವರ ಇದೆಯಾ, ಕೆಮ್ಮು ಇದೆಯಾ" ಎಂದು ಶೋಭಾ ಕೇಳಿದರೆ ಇಲ್ಲ ಇಲ್ಲ ಎಂದು ತಲೆಯಾಡಿಸಿ ಜನ ತೆಪ್ಪದ ಕಡೆ ಓಡುತ್ತಿದ್ದರು. ಚಿಕ್ಕಸಿದ್ದಮ್ಮ ಟೀ ಕೊಟ್ಟು, ಯಾರ ಮದುವೆಗೆ ಹೋಗಿದ್ದಿರಿ, ಊಟ ಹೇಗಿತ್ತು, ಅಡುಗೆಯವನು ಯಾರು, ನಿಮ್ಮ ಮಾವ ಯಾಕೆ ಬರಲಿಲ್ಲ ಎಂದು ಕೇಳುವಳು. ಮಾವ ಮಲಗಿದ್ದಾನೆ ಎಂಬುದು ಹೊರಬೀಳುವುದು ಎರಡನೇ ಗುಟುಕಿಗೆ. ಹಾಗೆ ಒಂದಿಬ್ಬರು ಹಿಂದಕ್ಕೆ ಹೋದರು. ಅವಳಿಗೆ ಮೈಮೇಲೆ ಬಂದಂಥ ಹುರುಪು.

ದೀಪಾವಳಿ ಹತ್ತಿರವಾದಾಗ ಬೆಟ್ಟದಪುರದಿಂದ ಅವಳ ಒಡಹುಟ್ಟಿದ ತಮ್ಮ ಸಿದ್ದಯ್ಯನೂ ಅವನ ಹೆಂಡತಿ ಪುಟ್ಟಿಯೂ ಬಂದರು. ಚೊಚ್ಚಲ ಬಸುರಿ ತವರಿಗೆ ಹೆರಿಗೆಗೆ ಬರಬೇಕು. ಈ ವರ್ಷ ಅದಂತೂ ಆಗಲಿಲ್ಲ, ಬಯಕೆಯ ಊಟವನ್ನಾದರೂ ಸೋದರಮಾವ ಕೊಂಡೊಯ್ಯಬೇಡವೇ? ಪುಟ್ಟಿಯ ಕುಕ್ಕೆಯಲ್ಲಿ ಒಬ್ಬಟ್ಟು, ಚಕ್ಕುಲಿ, ಹಸಿರು ಬಳೆ, ಹೊಸ ಸೀರೆ. ಇದನ್ನೆಲ್ಲ ಹಾಸುಬಂಡೆಯ ಮೇಲಿಟ್ಟು ಬರುವ ಸಂಗತಿಯಲ್ಲ. ಬಸುರಿಯ ಎದುರು ಕೂತು ಕೈಯಾರೆ ಉಣಿಸಬೇಕು.

ಸಿದ್ದಯ್ಯ ಹೊಗೆಸೊಪ್ಪಿನ ಬೆಳೆಗಾರ. ಬ್ಯಾರನ್ನಿನಲ್ಲಿ, ಎಂದರೆ ಸೊಪ್ಪು ಕಾಯಿಸುವ ಗೂಡಿನಲ್ಲಿ, ಎಲೆ ಹದವಾಯಿತೋ ಇಲ್ಲವೋ ಎಂದು ಬಾಗಿಲ ಸಂದಿಗೆ ಮೂಗಿಟ್ಟೇ ಹೇಳುವವನು. ಗನ್ನು ಇಟ್ಟರೆ ತೊಂಬತ್ತೇಳು. ಮತ್ತೆ ಇಟ್ಟರೂ ತೊಂಬತ್ತೇಳು.

"ಸಾಕಾ ಅಕ್ಕಾ? ಇನ್ನೊಂದ್ ಸಲ ಒಡೀತೀಯಾ?"

"ಇರ್ಲಾ. ಟೀ ಕುಡಿ." ಅವಳು ಪುಟ್ಟಿಯ ಕಡೆ ತಿರುಗಿದಳು. "ಈ ಸಲ ಸೊಪ್ಪು ಎಂಗೆ?"

ಪುಟ್ಟಿ ಕಾಯುತ್ತಿದ್ದವಳ ಹಾಗೆ ಶುರುಮಾಡಿದಳು. "ಅಯ್ಯೋ ಅತ್ಗೆಮ್ಮಾ, ಏನ್ ಏಳನ! ಕೊನೇ ಬ್ಯಾರನ್ ಸೊಪ್ಪು ಸೀದೋಗಿ ಬೀದಿಗೆಲ್ಲಾ ನಾತ ಒಡೀತಿತ್ತು. ಇವ್ರು ಬಾಗ್ಲಲ್ಲೇ ಕೂತವ್ರೆ, ಗೊತ್ತೇ ಆಗಿಲ್ಲ! ನಾನು ಅಟ್ಟೀಲಿದ್ದೋಳು ಓಡ್ಬಂದೆ. ಮೂಗು ಎಲ್ ಇಟ್ಟಿದ್ರೋ!"

"ನಿದ್ದೆ ಬಂದಿತ್ತು ಕಣೆ," ಎಂದ ಸಿದ್ದಯ್ಯ.

"ಏನ್ ನಿದ್ದೆ? ಎರಡ್ ದಿನದಿಂದ ನಾನ್ ಏನ್ ಮಾಡುದ್ರೂ ಸಪ್ಪೆ, ಸಪ್ಪೆ. ಒಬ್ಬಟ್ಟು ಸೈತ ಸಪ್ಪೆ ಅಂದ್ರು ಅತ್ಗೆಮ್ಮಾ!"

ಚಿಕ್ಕಸಿದ್ದಮ್ಮ ಟೀ ಸೋಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಒಲೆಯಿಂದ ಒಂದು ಕೊಳ್ಳಿಯನ್ನೆಳೆದು, ಅದರ ಮೇಲೆ ಒಣಮೆಣಸಿನಕಾಯಿ ಹಾಕಿ, ತಮ್ಮನ ಕಡೆ ನೂಕಿದಳು. ಪುಟ್ಟಿ ಕೆಮ್ಮಿದಳು. ಮರದ ಕೆಳಗಿದ್ದ ಮಹದೇವಯ್ಯ ಕೆಮ್ಮಿ ಎದ್ದುಹೋದ. ಸಿದ್ದಯ್ಯ ಎಲ್ಲರನ್ನೂ ನೋಡುತ್ತಾ, "ಯಾಕೆ, ಏನಾಯ್ತು?" ಎಂದ.

"ತಿರುಕ್ಕೊಂಡು ಓಗು, ಸಿದ್ದ."

"ಏನಂದೆ?"

"ಗಡ್ಡೇಗ್ ಬ್ಯಾಡ. ನೇರ ಆಸ್ಪತ್ರೆಗ್ ಓಗು, ತೋರ್ಸು."

ಸಿದ್ದಯ್ಯ ಕುಕ್ಕೆಯನ್ನು ಕೆಳಗಿಟ್ಟ. "ಸೋದರಮಾವ ಕಣಕ್ಕಾ ನಾನು. ಬಯಕೆ ಊಟ ಇಡ್ಕೊಂಡು ಬಂದಿವ್ನಿ. ಕಂಡೋರ್ನೆಲ್ಲಾ ಬುಟ್ಟೆ, ನನ್ನ ತಡೀತೀಯಾ?"

"ಕಂಡೋರು ಅವ್ಳ ಬಾಯಿಗೆ ತುತ್ತು ಇಡಕ್ಕಿಲ್ಲ. ನೀನ್ ಇಡ್ತೀಯೆ."

ಅವನು ಹೋದ. ಪುಟ್ಟಿ ಅಳುತ್ತಾ ಹಿಂದೆ ಹೋದಳು. ಕುಕ್ಕೆ ಅಂಗಡಿಯ ಮುಂದೆಯೇ ಉಳಿಯಿತು. ಅದನ್ನು ಮುಟ್ಟಬೇಕೋ ಬೇಡವೋ ತಿಳಿಯದೆ ಚಿಕ್ಕಸಿದ್ದಮ್ಮ ಸಂಜೆಯವರೆಗೂ ಅದರ ಸುತ್ತ ಓಡಾಡಿದಳು. ಹಸಿರು ಬಳೆಗಳನ್ನು ಸೋಪು ನೀರಿನಲ್ಲಿ ತೊಳೆದು ಕೃಷ್ಣನ ಕೈಯಲ್ಲಿ ಕಳಿಸಿದಳು. ಒಬ್ಬಟ್ಟನ್ನು ಮೀನಿಗೆ ಹಾಕಿದಳು.

ಸಿದ್ದಯ್ಯನಿಗೆ ರೋಗವಿತ್ತು. ಹರಾಜಿಗೆ ಸೊಪ್ಪು ಕೊಂಡುಹೋದ ಗುಂಪಿನಲ್ಲಿ ತಗುಲಿದ್ದಿರಬೇಕು. ಉಸಿರಾಟದ ತೊಂದರೆಯಾಗಿ ಮೈಸೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದು, ಅರ್ಧ ತೂಕದವನಾಗಿ ಮನೆಗೆ ಬಂದ. ಹೊಸಕಡವಿನಲ್ಲಿ ಚಿಕ್ಕಸಿದ್ದಮ್ಮನಿಗೆ ಭಾರಿ ಹೆಸರು ಬಂತು. ಗಡ್ಡೆಯವರು ಬಾಳೆಗೊನೆ ಕಳಿಸಿದರು. ಮೆಣಸಿನಕಾಯಿ ತಪಾಸಣೆಯನ್ನು ಇತರ ಊರಿನವರೂ ಬಂದು ನೋಡಿಹೋದರು. ಅವಳ ಕೆಟ್ಟ ಬುದ್ಧಿಗೆ ಊರೇ ಮೊಹರು ಒತ್ತಿದಂತಾಯಿತು. ರೋಗಕ್ಕೂ ಅದಕ್ಕೂ ಸಂಬಂಧವಿಲ್ಲದ ಪ್ರಶ್ನೆಗಳನ್ನೂ ಅವಳು ಗನ್ನು ಹಿಡಿದೇ ಕೇಳತೊಡಗಿದಳು. ಪ್ರೇಮಿಗಳು ಬಂದರಂತೂ ಅವರ ಪಾಡು ಹೇಳತೀರದು.

ಪುಟ್ಟಿಗೆ ಅವಳು ಫೋನು ಮಾಡಿದ್ದು ಒಂದೇ ಸಲ. ಪುಟ್ಟಿ ಜಗಳವಾಡಲಿಲ್ಲ. "ಬೀದಿಯೋರೆಲ್ಲಾ ಕೇಳುದ್ರು ಅತ್ಗೆಮ್ಮಾ," ಎಂದಳು. "ಎಲ್ ಅಂಟ್ತು, ಯಾರಿಂದ ಅಂಟ್ತು, ಬದುಕ್ತಾನಾ ಅಂತ. ಬಾಗ್ಲು ಸಂದೀಲೆ ನಿಂತ್ಕೊಂಡು ಎಲ್ಲಾ ಕೇಳುದ್ರು. ಒಂದ್ ಬಿಂದ್ಗೆ ನೀರ್ ತಂದಿಡೋರ್ ಯಾರೂ ಬರ್ನಿಲ್ಲ." ಚಿಕ್ಕಸಿದ್ದಮ್ಮ ಆ ಬೀದಿಯ ಪ್ರತಿ ಮನೆಯನ್ನೂ ಬಲ್ಲವಳು. ಯಾರು ಯಾರು ಕೇಳಿದರು ಎಂದು ಅವಳು ವಿಚಾರಿಸಲಿಲ್ಲ. ಫೋನಿಟ್ಟು ಒಲೆಯ ಬೂದಿ ಬಳಿದಳು.

ಮಾರ್ಗಶಿರದ ಚಳಿಯಲ್ಲಿ ಸೌಂದರ್ಯಳಿಗೆ ಹೆಣ್ಣು ಮಗು ಹುಟ್ಟಿತು. ಕೆ.ಆರ್. ನಗರದ ಆಸ್ಪತ್ರೆಗೆ ಹೋಗುವಾಗಲೂ ಬರುವಾಗಲೂ ಮಗಳನ್ನು ಬೇರೆ ಕಡವಿನಿಂದ ದಾಟಿಸಿದರು. ಅದು ಚಿಕ್ಕಸಿದ್ದಮ್ಮನದೇ ಏರ್ಪಾಡು. ದಿನವೂ ಊರೂರಿನವರ ಉಸಿರು ಕುಡಿಯುವವಳು ತಾನು, ಎಳೆಗೂಸಿನ ಹತ್ತಿರ ಹೋಗುವ ಮಾತಿಲ್ಲ ಎಂದುಬಿಟ್ಟಳು. ಬೇರೆ ಯಾರನ್ನಾದರೂ ಕೂರಿಸಿ ನೀನು ಹೋಗಿ ಬಾ ಎಂದು ಮಹದೇವಯ್ಯ ಹೇಳಿದ. "ಯಾರ್ನ ಕೂರ್ಸೀಯೆ? ನೀನ್ ಕೂರ್ತೀಯಾ? ನಿಂಗೆ ಮೆಣಸಿನ್‌ಕಾಯ್ ಗಾಟ್ ತಡೆಯಕ್ಕಾಗಕ್ಕಿಲ್ಲ," ಎಂದಳು. ಶೋಭಾ ತನ್ನ ಫೋನಿನಲ್ಲಿ ಮಗುವಿನ ಫೋಟೋ ತೋರಿಸಿದಳು. "ಫೋಟೋದಲ್ಲಿ ಎಲ್ಲಾ ಕೂಸೂ ಒಂದೇ ಥರ," ಎಂದು ಫೋನು ಹಿಂದಕ್ಕೆ ಕೊಟ್ಟು, ಸಂಜೆ ದಡಕ್ಕೆ ಹೋಗಿ ಕೂಗಿದಳು.

"ಮೂಗ್ ಯಾರ್ದು?"

"ನಿಂದೇ ಕಣವ್ವಾ!"

ಆ ಉತ್ತರ ಅವಳಿಗೆ ಒಂದು ವಾರ ಸಾಕಾಯಿತು.

ಸಂಕ್ರಾಂತಿ ಕಳೆದ ಮೇಲೆ, ಜನವಿಲ್ಲದ ಒಂದು ಮಂಗಳವಾರ, ಹೊತ್ತು ಇಳಿಯುವಾಗ, ಕೃಷ್ಣ ಕೊನೆಯ ತೆಪ್ಪವನ್ನು ನೀರಿಗೆ ನೂಕುತ್ತಿದ್ದ. ಮೇಲೆ ರಸ್ತೆಯಲ್ಲಿ ಒಂದು ಸ್ಕೂಟರ್ ನಿಂತಿತು. ಅದರಿಂದ ಇಳಿದ ಗಂಡಸು ಅಲ್ಲೇ ಬೇರೆ ಕಡೆ ಮುಖಮಾಡಿ ನಿಂತ. ಹೆಂಗಸು ಮೆಟ್ಟಿಲಿಳಿದು ಬಂದಳು. ಮಾಯಮ್ಮ. ಎದೆಗೆ ಒತ್ತಿಕೊಂಡ ಶಾಲಿನಲ್ಲಿ ಒಂದು ಕೂಸು.

ಹೊಂಗೆಮರದ ಕೆಳಗೆ ಟೀ ಕುಡಿಯುತ್ತಿದ್ದವರು ಲೋಟ ಹಿಡಿದೇ ಅತ್ತ ತಿರುಗಿದರು. ವರ್ಷವಿಡೀ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ಮಾಯಮ್ಮನನ್ನು ಬಸುರಿಯಾಗಿ ನೋಡಿದವರು ಯಾರೂ ಇಲ್ಲ. ನೋಡಲಿಲ್ಲ ಎಂದ ಮಾತ್ರಕ್ಕೆ ಆಗಿರಲಿಲ್ಲ ಎನ್ನುವ ಹಾಗೂ ಇಲ್ಲ. ಹೆತ್ತದ್ದೋ, ತಂದದ್ದೋ, ತಂದದ್ದಾದರೆ ಎಲ್ಲಿಂದ, ಯಾರದು? ಮಹದೇವಯ್ಯ ಬೆಂಚಿನ ತುದಿಗೆ ಸರಿದು ಕೂತ. ಚಿಕ್ಕಸಿದ್ದಮ್ಮನ ಕಿವಿಯವರೆಗೆ ಬಿಸಿ ಏರಿತು. ಇಡೀ ಹೋಬಳಿಯಲ್ಲಿ ಆ ವರ್ಷ ಇದಕ್ಕಿಂತ ದೊಡ್ಡ ಪ್ರಶ್ನೆ ಇರಲಿಲ್ಲ. ಅದನ್ನು ಕೇಳುವ ಅಧಿಕಾರವನ್ನು ಊರೇ ಅವಳ ಕೈಗೆ ಕೊಟ್ಟು ಕೂರಿಸಿತ್ತು.

ಅವಳು ಗನ್ನು ಹಿಡಿದಳು. ತೊಂಬತ್ತೇಳು. ಮೆಣಸಿನಕಾಯಿ ಬೇಡವೆಂದು ಒಲೆಯನ್ನು ಆ ಕಡೆ ತಿರುಗಿಸಿದಳು.

"ಜರ, ಕೆಮ್ಮು?"

"ಇಲ್ಲ."

"ಬಾಯಿಗೆ ರುಚಿ ಐತಾ?"

"ಐತೆ."

"ಕೂಸ್ಗೆ ಸೀತ ಗೀತ?"

"ಇಲ್ಲ. ಗಡ್ಡೆಯಮ್ಮುಂಗೆ ಅರಕೆ ಇತ್ತು. ಕಾಲಿಗ್ ಮುಟ್ಸಿ ಬತ್ತೀನಿ."

ಮಾಯಮ್ಮ ಅಷ್ಟು ಹೇಳಿ, ಹೋಗದೆ ಅಲ್ಲೇ ನಿಂತಳು. ಮುಂದಿನ ಪ್ರಶ್ನೆಗೆ ಉತ್ತರವನ್ನು ಮನೆಯಿಂದಲೇ ಹೊಂದಿಸಿಕೊಂಡು ಬಂದವಳ ಹಾಗೆ ಗದ್ದ ಎತ್ತಿದ್ದಳು. ಹೊಳೆಯ ಕಡೆಯಿಂದ ಗಾಳಿ ಬೀಸಿ ಶಾಲಿನ ಸೆರಗು ಜಾರಿತು. ಚಿಕ್ಕ ಹಣೆ, ಅದರ ಮೇಲೆ ಒಂದು ಹಿಡಿ ಕೂದಲು ಕಂಡಿತು. ಇನ್ನು ಎರಡು ಬೆರಳು ಕೆಳಗೆ ಜಾರಿದ್ದರೆ ಮುಖ.

ಚಿಕ್ಕಸಿದ್ದಮ್ಮನ ಕೈ ಮುಂದೆ ಹೋಯಿತು. ಆ ಕೈ ಶಾಲಿನ ಅಂಚನ್ನು ಹಿಡಿದು, ಮೇಲಕ್ಕೆಳೆದು, ಮುಖದ ಮೇಲೆ ಮುಚ್ಚಿತು.

"ಹೊಳೆ ಗಾಳಿ ಸರಿಯಿಲ್ಲ. ಮುಚ್ಕೊಂಡೇ ಓಗವ್ವಾ." ಅಳಿಯನಿಗೆ ಕೂಗಿ ಹೇಳಿದಳು. "ಕೃಷ್ಣಾ, ಮನೆಗೋಳ್ ತಾವ ನಿಲ್ಲುಸ್ಬ್ಯಾಡ. ನೆಟ್ಟುಗೆ ಅಮ್ಮುನ್ ಕಲ್ಲತ್ರ ಇಳ್ಸು, ನೀನ್ ಆ ಕಡೆ ತಿರುಕ್ಕೊಂಡ್ ನಿಂತ್ಕೊ, ವಾಪಸ್ ಕರ್ಕೊಂಡ್ ಬಾ."

ತೆಪ್ಪ ಎರಡು ಸುತ್ತು ತಿರುಗಿ ದಡ ಬಿಟ್ಟಿತು. ಮಹದೇವಯ್ಯನಿಗೆ ತಡೆಯಲಾಗಲಿಲ್ಲ.

"ಯಾರ್ ಥರ ಅದೆ, ಸಿದ್ದಮ್ಮಾ?"

ಅವಳು ಗನ್ನನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

"ಜರ ಇಲ್ಲ," ಎಂದಳು. "ಟೀ ಆರೋಯ್ತಾ ಅದೆ, ಕುಡಿ."